ಎರಡನೇ ಸಲ ಕೇಳಿದರೆ

ನನ್ನ ಕೈಗೆ ಒಂದು ಹಾಳೆ ಕೊಟ್ಟು, ಓದಿ ಸಹಿ ಮಾಡಿ ಅಂದರು. ವಿಚಾರಣೆಯಲ್ಲಿ ಜೊತೆಗೆ ಕೂರುವವರು ಏನು ಮಾಡಬಹುದು, ಏನು ಮಾಡಬಾರದು ಅಂತ ಅದರಲ್ಲಿ ಅಚ್ಚಾಗಿತ್ತು. ಮಾಡಬಾರದ್ದು ಒಂದು ಪುಟ, ಮಾಡಬಹುದಾದ್ದು ಮೂರು ಸಾಲು. ಉತ್ತರ ಹೇಳಿಕೊಡಬಾರದು, ಸನ್ನೆ ಮಾಡಬಾರದು, ನಡುವೆ ಬಾಯಿ ಹಾಕಬಾರದು. ಹಾಕಿದರೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಹೊರಗೆ.

"ಹಾಗಾದ್ರೆ ನಾನು ಅಲ್ಲಿ ಯಾಕೆ ಕೂತ್ಕೋಬೇಕು?" ಅಂತ ಕೇಳಿದೆ.

"ಅವರಿಗೆ ಧೈರ್ಯ ಇರ್ಲಿ ಅಂತ, ಮೇಡಂ," ಅಂದರು ಇನ್ಸ್‌ಪೆಕ್ಟರ್.

ಇಪ್ಪತ್ತೈದು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಅಳತೆ ತೆಗೆಯದೆ ಒಂದು ತುಂಡು ಬಟ್ಟೆಗೂ ಕತ್ತರಿ ಹಾಕಿದವಳಲ್ಲ. ಆ ಹಾಳೆಗೆ ಮಾತ್ರ ಅರ್ಧಂಬರ್ಧ ಓದಿ ಸಹಿ ಹಾಕಿದೆ, ಯಾಕೆಂದರೆ ನನ್ನ ತಮ್ಮ ಆಗಲೇ ಒಳಗೆ ಒಬ್ಬನೇ ಕೂತಿದ್ದ.

ತಮ್ಮನಿಗೆ ಮೂವತ್ತೆಂಟು ವರ್ಷ. ಬುದ್ಧಿಗೆ ಎಷ್ಟು ಅಂತ ಕೇಳಿದರೆ ಒಬ್ಬ ಡಾಕ್ಟರು ಏಳು ಅಂದಿದ್ದರು, ಇನ್ನೊಬ್ಬರು ಒಂಬತ್ತು. ನನ್ನನ್ನು ಕೇಳಿದರೆ ಬೆಳಿಗ್ಗೆ ಹದಿನೈದು, ಸಾಯಂಕಾಲ ದಣಿದಾಗ ಐದು. ಹನ್ನೊಂದು ವರ್ಷದಿಂದ ಆಸ್ಪತ್ರೆಯ ಹಾಸುಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಮಡಚುವ ಕೆಲಸ ಮಾಡುತ್ತಿದ್ದಾನೆ. ಅವನು ಮಡಚಿದ್ದರಲ್ಲಿ ಮೂಲೆಗೆ ಮೂಲೆ ಎಷ್ಟು ಚೆನ್ನಾಗಿ ಕೂಡಿರುತ್ತದೆ ಅಂದರೆ ನನಗೇ ಹೊಟ್ಟೆಕಿಚ್ಚಾಗುತ್ತದೆ. ಎಂಟು ಹೊಡೆಯುವುದಕ್ಕೂ ಅವನು ಗೇಟು ದಾಟುವುದಕ್ಕೂ ಸರಿಹೋಗುವುದರಿಂದ ಅಲ್ಲಿಯವರು ಅವನನ್ನು ಕರೆಯುವುದೇ ಗಡಿಯಾರ ಅಂತ.

ಮೊನ್ನೆ ಸಾಯಂಕಾಲ ಆ ಲಾಂಡ್ರಿಯ ಗೋಡೌನಿಗೆ ಬೆಂಕಿ ಬಿತ್ತು. ಆರಿಸಲು ಹೋದ ಕಾವಲುಗಾರ ಎರಡೂ ಕೈ ಸುಟ್ಟುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಬೆಂಕಿ ತಾನಾಗಿ ಹತ್ತಿದ್ದಲ್ಲ, ಯಾರೋ ಹಚ್ಚಿದ್ದು ಅಂತ ಪೊಲೀಸರ ತೀರ್ಮಾನ. ಕೊನೆಯದಾಗಿ ಗೋಡೌನಿನ ಹತ್ತಿರ ಕಂಡವನು ಗಡಿಯಾರ ಅಂತ ಸೂಪರ್‌ವೈಸರ್ ಹೇಳಿದ. ಬೆಂಕಿ ಕಾಣಿಸಿದ್ದು ಆರೂಕಾಲಿಗೆ. ಆ ಹೊತ್ತಿಗೆ ತಮ್ಮ ನನ್ನ ಹೊಲಿಗೆ ಅಂಗಡಿಯಲ್ಲಿ, ಮೆಷಿನ್ನಿನ ಹಿಂದೆ ಸ್ಟೂಲಿನ ಮೇಲೆ ಕೂತು, ಗುಂಡಿಗಳನ್ನು ಬಣ್ಣದ ಪ್ರಕಾರ ಡಬ್ಬಿಗೆ ಹಾಕುತ್ತಿದ್ದ. ಅವತ್ತು ಗಿರಾಕಿ ಒಬ್ಬರೂ ಬರಲಿಲ್ಲ. ಅವನನ್ನು ಅಲ್ಲಿ ಕಂಡವಳು ನಾನೊಬ್ಬಳೇ, ಹಾಗಂತ ನಾನು ಬರೆದೂ ಕೊಟ್ಟಿದ್ದೆ. ಅಕ್ಕ ಅಂದಮೇಲೆ ಹಾಗೇ ಹೇಳುತ್ತಾಳೆ ಅನ್ನುವುದು ಇನ್ಸ್‌ಪೆಕ್ಟರರ ಮುಖದಲ್ಲೇ ಇತ್ತು. ಆದರೂ ಬಾಯಿಬಿಟ್ಟು ಹಾಗೆ ಅನ್ನಲಿಲ್ಲ, ಅಷ್ಟು ಒಳ್ಳೆಯವರು.

ನಿಜಕ್ಕೂ ಒಳ್ಳೆಯವರೇ. ಕೂಗಾಡುವ, ಮೇಜು ಗುದ್ದುವ ಪೊಲೀಸನಾಗಿದ್ದರೆ ನನಗೆ ಬೈಯಲು ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ. ಇವರು ತಮ್ಮನಿಗೆ ಟೀ ತರಿಸಿದರು, ಬಿಸ್ಕತ್ತು ಕೊಟ್ಟರು, ಚಳಿಯಾಗುತ್ತಾ ಅಂತ ಕೇಳಿದರು. ಕೋಣೆಗೆ ಕಿಟಕಿ ಇರಲಿಲ್ಲ. ನೆಲಕ್ಕೆ ಬಿಗಿದ ಒಂದು ಮೇಜು, ನಾಲ್ಕು ಕುರ್ಚಿ, ಗೋಡೆಯ ಮೇಲೆ ಕೆಂಪು ದೀಪ ಉರಿಯುವ ಕ್ಯಾಮೆರಾ. ಮೂಲೆಯಲ್ಲಿ ಒಬ್ಬ ಪೊಲೀಸ್ ಹುಡುಗಿ ಟೈಪ್ ಮಾಡಲು ಕೂತಿದ್ದಳು. ನನ್ನ ಕುರ್ಚಿಯನ್ನು ತಮ್ಮನ ಹಿಂದೆ, ಸ್ವಲ್ಪ ಬದಿಗೆ ಹಾಕಿದ್ದರು. ಅಲ್ಲಿಂದ ನನಗೆ ಅವನ ಕಿವಿ, ಕುತ್ತಿಗೆ ಮಾತ್ರ ಕಾಣುತ್ತಿತ್ತು.

"ನಿಮಗೆ ವಕೀಲರನ್ನ ಕೊಡ್ತೀವಿ. ಅವರು ಬರೋದು ನಾಲ್ಕು ಗಂಟೆಗೆ," ಅಂದರು ಇನ್ಸ್‌ಪೆಕ್ಟರ್. "ಅಲ್ಲೀತನಕ ಕಾಯ್ತೀರಾ, ಅಥವಾ ಈಗ್ಲೇ ಶುರು ಮಾಡೋಣ್ವಾ?"

"ಶುರು ಮಾಡೋಣ," ಅಂದ ತಮ್ಮ.

ಎರಡು ಕೊಟ್ಟು ಕೇಳಿದರೆ ಅವನು ಯಾವಾಗಲೂ ಕೊನೆಯದನ್ನೇ ಹಿಡಿಯುತ್ತಾನೆ. ಚಪಾತಿಯಾ ಅನ್ನವಾ ಅಂದರೆ ಅನ್ನ, ಅನ್ನವಾ ಚಪಾತಿಯಾ ಅಂದರೆ ಚಪಾತಿ. ಮನೆಯಲ್ಲಿ ಯಾವುದು ಮಿಕ್ಕಿದೆಯೋ ಅದನ್ನು ಕೊನೆಗೆ ಹೇಳಿ ನಾನೇ ಎಷ್ಟೋ ಸಲ ಕೆಲಸ ಸುಲಭ ಮಾಡಿಕೊಂಡಿದ್ದೇನೆ. ಈಗ ಗಂಟಲಿಗೆ ಬಂದ ಮಾತನ್ನು ನುಂಗಿಕೊಂಡೆ. ಇರುವುದೇ ಒಂದು ಎಚ್ಚರಿಕೆ, ಅದನ್ನು ಮೊದಲನೇ ನಿಮಿಷಕ್ಕೇ ಕಳೆದುಕೊಂಡರೆ ಆಮೇಲೆ ಏನು ಗತಿ?

ಮೊದಮೊದಲು ಸಲೀಸಾಗಿತ್ತು. ಏನು ಕೆಲಸ, ಎಷ್ಟು ಗಂಟೆಗೆ ಬರುತ್ತೀರಿ, ಯಾರ ಜೊತೆ ಊಟ ಮಾಡುತ್ತೀರಿ. ತಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ಪಟಪಟ ಹೇಳಿದ. ಆಮೇಲೆ ಇನ್ಸ್‌ಪೆಕ್ಟರ್ ಕುರ್ಚಿ ಮುಂದೆ ಎಳೆದುಕೊಂಡರು.

"ಮೊನ್ನೆ ಕೆಲಸ ಮುಗಿದ್ಮೇಲೆ ಗೋಡೌನಿಗೆ ಹೋಗಿದ್ರಾ?"

"ಇಲ್ಲ ಸಾರ್. ಬ್ಯಾಗ್ ತಗೊಂಡೆ, ಅಕ್ಕನ ಅಂಗಡಿಗೆ ಹೋದೆ."

"ಸರಿಯಾಗಿ ಯೋಚನೆ ಮಾಡಿ. ಅವಸರ ಇಲ್ಲ. ಗೋಡೌನಿಗೆ ಹೋಗಿದ್ರಾ?"

ತಮ್ಮನ ಕಿವಿ ಕೆಂಪಾಯಿತು. ಆಮೇಲೆ, ತಪ್ಪು ತಿದ್ದಿಕೊಳ್ಳುವ ದನಿಯಲ್ಲಿ, "ಹೋಗಿದ್ದೆ ಸಾರ್," ಅಂದ.

ಮೂಲೆಯಲ್ಲಿ ಹುಡುಗಿ ಟೈಪ್ ಮಾಡಿದಳು. ಅವನು ಸುಳ್ಳು ಯಾಕೆ ಹೇಳಿದ ಅಂತ ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ಯಾಕೆಂದರೆ ಅದನ್ನು ಕಲಿಸಿದವಳೇ ನಾನು.

ನಮ್ಮಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. ತಮ್ಮ ಲೆಕ್ಕ ತಪ್ಪಿದರೆ ಹೊಡೆಯುತ್ತಿದ್ದಳು, ಅಕ್ಷರ ತಪ್ಪಿದರೆ ಹೊಡೆಯುತ್ತಿದ್ದಳು, ಹೊಡೆದದ್ದಕ್ಕೆ ಅತ್ತರೆ ಅದಕ್ಕೂ ಒಂದು. ನನಗೆ ಹದಿನಾರಾದಾಗ, ಇನ್ನು ಮೇಲೆ ಇವನಿಗೆ ನಾನೇ ಕಲಿಸುತ್ತೇನೆ ಅಂತ ಅಮ್ಮನ ಕೈಯಿಂದ ಸ್ಕೇಲು ಕಿತ್ತುಕೊಂಡೆ. ನಾನು ಹೊಡೆಯಲಿಲ್ಲ, ಬೈಯಲಿಲ್ಲ, ತಪ್ಪು ಅಂತ ಒಂದು ದಿನವೂ ಅನ್ನಲಿಲ್ಲ. ಅವನ ಉತ್ತರ ತಪ್ಪಾದರೆ ಅದೇ ಪ್ರಶ್ನೆಯನ್ನು ಮೆಲ್ಲಗೆ ಮತ್ತೊಂದು ಸಲ ಕೇಳುತ್ತಿದ್ದೆ. ಸರಿಯಾದರೆ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ದೊಡ್ಡ ಮುಳ್ಳು ಎಲ್ಲಿದೆ? ಆರರ ಮೇಲೆ. ದೊಡ್ಡ ಮುಳ್ಳು ಎಲ್ಲಿದೆ? ಓ, ಒಂಬತ್ತರ ಮೇಲೆ. ಹೀಗೇ ಎರಡು ವರ್ಷ ಕೂತು ಗಡಿಯಾರ ನೋಡುವುದು ಕಲಿತ, ಸಹಿ ಹಾಕುವುದು ಕಲಿತ, ಬಸ್ಸಿನ ನಂಬರು ಕಲಿತ. ನೆರೆಹೊರೆಯವರೆಲ್ಲ ನಿನ್ನ ತಾಳ್ಮೆಗೆ ಕೈ ಮುಗಿಯಬೇಕು ಅಂದರು. ನಾನೂ ಒಳಗೊಳಗೇ ಬೀಗಿದೆ, ಈಗ ಸುಳ್ಳು ಯಾಕೆ ಹೇಳಲಿ.

ಅಂದರೆ ಯಾರಾದರೂ ಒಂದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ, ಮೊದಲು ಹೇಳಿದ್ದು ತಪ್ಪು ಅಂತ ಅವನ ತಲೆಯಲ್ಲಿ ಕಲ್ಲಿನ ಮೇಲೆ ಬರೆದ ಹಾಗೆ ಕೂತಿದೆ. ಮೂವತ್ತು ವರ್ಷದಲ್ಲಿ ಇದರಿಂದ ಒಂದು ತೊಂದರೆಯೂ ಆಗಿರಲಿಲ್ಲ. ಆಗಲು ನಮ್ಮ ಮನೆಯಲ್ಲಿ ಪೊಲೀಸರಿರಲಿಲ್ಲವಲ್ಲ.

"ಸಾರ್," ಅಂದೆ. ತಡೆಯಲಾಗಲಿಲ್ಲ. "ಅವ್ನಿಗೆ ಎರಡೆರಡು ಸಲ ಕೇಳ್ಬೇಡಿ. ಕೇಳಿದ್ರೆ ಉತ್ತರ ಬದಲಾಯಿಸ್ತಾನೆ. ಮೊದಲು ಹೇಳಿದ್ದೇ ನಿಜ."

"ಮೇಡಂ," ಅಂದರು ಇನ್ಸ್‌ಪೆಕ್ಟರ್, ಕ್ಯಾಮೆರಾದ ಕಡೆ ಕಣ್ಣು ತೋರಿಸಿ. "ಯಾವ ಉತ್ತರ ನಿಜ ಅಂತ ನೀವು ಹೇಳೋ ಹಾಗಿಲ್ಲ. ಇದು ಮೊದಲ್ನೇ ಎಚ್ಚರಿಕೆ. ದಯವಿಟ್ಟು."

ದಯವಿಟ್ಟು ಅಂತೆ. ಅತ್ತ ದರಿ ಇತ್ತ ಪುಲಿ ಅನ್ನುವುದನ್ನು ಗಾದೆ ಪುಸ್ತಕದಲ್ಲಿ ಓದಿದ್ದೆ, ಅವತ್ತು ಅವೆರಡರ ನಡುವೆಯೇ ಕೂತಿದ್ದೆ. ಮಾತಾಡಿದರೆ ನನ್ನನ್ನು ಹೊರಗೆ ಹಾಕುತ್ತಾರೆ, ಅವನು ಒಂಟಿಯಾಗುತ್ತಾನೆ. ಸುಮ್ಮನಿದ್ದರೆ ನನ್ನ ಕಣ್ಣೆದುರಿಗೇ ಅವನು ಮಾಡದ ತಪ್ಪನ್ನು ಒಪ್ಪಿಕೊಂಡು ಜೈಲಿಗೆ ಹೋಗುತ್ತಾನೆ. ಜೈಲಿನಲ್ಲಿ ಅವನ ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತೆಗೆದುಕೊಡುವವರು ಯಾರು, ರಾತ್ರಿ ಬೆಚ್ಚಿದರೆ ಬೆನ್ನು ಸವರುವವರು ಯಾರು? ತುಟಿ ಪಿಟಕ್ಕೆನ್ನದೆ ಕೂತೆ. ಸೆರಗಿನ ತುದಿಯನ್ನು ಹಿಂಡಿ ಹಿಂಡಿ ನನ್ನ ಬೆರಳೇ ನೋಯತೊಡಗಿತು.

"ಗೋಡೌನಿಗೆ ಹೋದ್ರಿ. ಒಳಗೆ ಏನಿತ್ತು?"

"ಬಟ್ಟೆ ಸಾರ್."

"ಬೆಂಕಿ ಹೇಗೆ ಹತ್ತಿತು?"

"ಗೊತ್ತಿಲ್ಲ ಸಾರ್."

"ನೋಡಿ, ಯಾರೂ ನಿಮ್ಮನ್ನ ಬೈಯೋದಿಲ್ಲ. ಬೆಂಕಿ ಹೇಗೆ ಹತ್ತಿತು?"

"ಹಚ್ಚಿದ್ರು ಸಾರ್."

"ಯಾರು ಹಚ್ಚಿದ್ರು?"

"ಗೊತ್ತಿಲ್ಲ."

"ಯಾರು ಹಚ್ಚಿದ್ರು?"

ತಮ್ಮ ಕೈ ಬೆರಳು ಮಡಚಿ ಬಿಚ್ಚಿ ಮಾಡಿದ. ಆ ಗೋಡೌನಿಗೆ ಹೋದವನು ತಾನು ಅಂತ ಆಗಲೇ ಸರಿಯಾದ ಉತ್ತರ ಸಿಕ್ಕಿತ್ತಲ್ಲ, ಅದನ್ನೇ ಹಿಡಿದುಕೊಂಡ. "ನಾನು ಸಾರ್."

"ಬೆಂಕಿಪೊಟ್ಟಣದಿಂದಾನಾ, ಲೈಟರಿಂದಾನಾ?"

"ಲೈಟರ್."

ಲೈಟರ್! ಒಲೆ ಹಚ್ಚುವಾಗ ಟಪ್ ಅಂದ ಶಬ್ದಕ್ಕೇ ಅಡುಗೆಮನೆಯಿಂದ ಆಚೆ ಓಡುವ ಪ್ರಾಣಿ ಇದು. ಇನ್ಸ್‌ಪೆಕ್ಟರ್ ಆ ಮಾತನ್ನೇನೂ ಎರಡನೇ ಸಲ ಕೇಳಲಿಲ್ಲ. ತಮಗೆ ಬೇಕಾದ ಉತ್ತರ ಬಂದ ಕಡೆಯೆಲ್ಲ ಅವರು ಮುಂದಕ್ಕೆ ಹೋಗುತ್ತಿದ್ದರು, ಥೇಟ್ ನನ್ನ ಹಾಗೆ. ಅವರಿಗೆ ಅದರ ಅರಿವಿರಲಿಲ್ಲ ಅಂತಲೇ ಇವತ್ತಿಗೂ ನಂಬಿದ್ದೇನೆ.

ನಾನು ಮಡಿಲಲ್ಲಿದ್ದ ಹಾಳೆಯನ್ನು ಬಿಡಿಸಿ, ಸಹಿ ಹಾಕುವಾಗ ಓದದೆ ಬಿಟ್ಟಿದ್ದ ಮೂರು ಸಾಲು ಓದಿದೆ. ಪ್ರಶ್ನೆ ಅರ್ಥವಾಗಿಲ್ಲ ಅನ್ನಿಸಿದರೆ ಜೊತೆಗೆ ಕೂತವರು ಅದನ್ನು ಅಧಿಕಾರಿಗೆ ತಿಳಿಸಬಹುದು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಹಾಳೆಯನ್ನು ಮೇಜಿನ ಮೇಲಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟೆ.

"ಇದ್ರ ಪ್ರಕಾರ ಮಾತಾಡ್ತಿದೀನಿ, ಎಚ್ಚರಿಕೆ ಕೊಡ್ಬೇಡಿ. ಅವನಿಗೆ ಪ್ರಶ್ನೆ ಅರ್ಥ ಆಗ್ತಿಲ್ಲ. ನಿಮಗೆ ತೋರಿಸ್ತೀನಿ. ಬೆಂಕಿ ವಿಷಯ ಅಲ್ಲ, ಬೇರೆ ಏನಾದ್ರೂ ಕೇಳ್ತೀನಿ. ಒಂದೇ ಒಂದು."

ಇನ್ಸ್‌ಪೆಕ್ಟರ್ ಹಾಳೆ ನೋಡಿದರು, ಕ್ಯಾಮೆರಾ ನೋಡಿದರು. "ಕೇಳಿ," ಅಂದರು. ಹೇಳಿದೆನಲ್ಲ, ಒಳ್ಳೆಯವರು.

"ನೀನು ಹಾಕ್ಕೊಂಡಿರೋ ಅಂಗಿ ಯಾರು ಹೊಲಿದಿದ್ದೋ?"

"ಅಕ್ಕ," ಅಂದ ತಮ್ಮ, ನನ್ನ ದನಿ ಕೇಳಿದ್ದೇ ಖುಷಿಯಾಗಿ.

"ಆ ಅಂಗಿ ಯಾರು ಹೊಲಿದಿದ್ದು?"

ಅವನು ಅಂಗಿಯ ಗುಂಡಿ ನೋಡಿಕೊಂಡ. "ನಾನು?"

"ಯಾರು ಹೊಲಿದಿದ್ದು?"

"ಸಾಹೇಬ್ರು," ಅಂದ, ಇನ್ಸ್‌ಪೆಕ್ಟರನ್ನು ತೋರಿಸಿ.

ಟೈಪ್ ಮಾಡುವ ಹುಡುಗಿಗೆ ನಗು ತಡೆಯಲಾಗಲಿಲ್ಲ. ಇನ್ಸ್‌ಪೆಕ್ಟರರೂ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖದಲ್ಲಿ ಮೊದಲ ಸಲ ಒಂದು ಅನುಮಾನ ಬಂದು ಹೋಯಿತು, ನಾನು ಕಂಡೆ. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ದರ್ಜಿಗೆ ಗೊತ್ತಿರಬೇಕು, ಎಲ್ಲಿ ಗಂಟು ಹಾಕಿ ದಾರ ಕತ್ತರಿಸಬೇಕು ಅಂತ.

"ಅಂಗಿ ವಿಷಯ ಬೇರೆ, ಮೇಡಂ," ಅಂದರು ಅವರು, ಅರ್ಧ ತಮಗೇ ಹೇಳಿಕೊಂಡ ಹಾಗೆ. "ಅಂಗಿ ಬಗ್ಗೆ ತಮಾಷೆ ಮಾಡ್ಬಹುದು. ಬೆಂಕಿಯಂಥ ವಿಷಯದಲ್ಲಿ ಯಾರೂ ಹಾಗೆ..."

"ಬೇರೆ ಏನ್ರೀ ಬೇರೆ?" ಅಂದೆ. ಅಮ್ಮನ ಮೂಗು ನನಗೂ ಬಂದಿದೆ. "ನೋಡಿ ಹಾಗಾದ್ರೆ. ಬೆಂಕಿ ಯಾರು ಹಚ್ಚಿದ್ದೋ?"

"ನಾನು," ಅಂದ ತಮ್ಮ ತಟ್ಟನೆ.

"ಬೆಂಕಿ ಯಾರು ಹಚ್ಚಿದ್ದು?"

ಅವನು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದ. ಪಾಪ, ಗೊತ್ತಿಲ್ಲ ಅನ್ನುವುದು ತಪ್ಪಾಗಿತ್ತು, ನಾನು ಅನ್ನುವುದೂ ಈಗ ತಪ್ಪಾಯಿತು. ಅವನಿಗೆ ಗೊತ್ತಿರುವ ಇನ್ನೊಂದು ಹೆಸರು ಯಾವುದು? ನನಗೆ ಇಷ್ಟವಾಗಲಿ ಅಂತ ನಗುತ್ತಲೇ ಹೇಳಿದ: "ಅಕ್ಕ."

"ನೋಡಿದ್ರಾ!" ಅಂತ ಕೂಗಿದೆ. ಗೆದ್ದೆ ಅಂದುಕೊಂಡೆ.

ಹುಡುಗಿಯ ನಗು ನಿಂತಿತ್ತು. ಅವಳು ಇನ್ಸ್‌ಪೆಕ್ಟರ್ ಕಡೆ ನೋಡಿದಳು, ಅವರು ತಲೆಯಾಡಿಸಿದರು, ಅವಳು ಟೈಪ್ ಮಾಡಿದಳು. ಎರಡಕ್ಷರದ ಮಾತು, ಟೈಪ್ ಮಾಡಲು ಎಷ್ಟು ಹೊತ್ತು?

"ಮೇಡಂ," ಅಂದರು ಇನ್ಸ್‌ಪೆಕ್ಟರ್, "ಇದು ಕ್ಯಾಮೆರಾದಲ್ಲಿ ದಾಖಲಾಯ್ತು. ಆರೋಪಿ ಯಾರ ಹೆಸರು ಹೇಳ್ತಾರೋ ಅವರು ಈ ಕೋಣೇಲಿ ಕೂರೋ ಹಾಗಿಲ್ಲ. ನಿಮ್ಮ ಹೇಳಿಕೆ ಇದ್ಯಲ್ಲ, ಇವರು ಅಂಗಡೀಲಿ ನಿಮ್ಮ ಜೊತೆ ಇದ್ರು ಅಂತ, ಅದನ್ನೂ ಈಗ ಪಕ್ಕಕ್ಕಿಡ್ಬೇಕಾಗುತ್ತೆ. ನೀವು ಹಚ್ಚಿದ್ರಿ ಅಂತ ನಾನು ಹೇಳ್ತಿಲ್ಲ. ಇದು ನಿಯಮ."

"ಅದು ತೋರಿಸೋಕೆ ಕೇಳಿದ್ದು ಸಾರ್! ನಿಮ್ಮೆದುರಿಗೇ ಕೇಳಿದ್ದಲ್ವಾ!"

"ಗೊತ್ತು. ಆದ್ರೂ ನಿಯಮ."

ತಮ್ಮ ಏಳಲು ಹೋದ. ಅಕ್ಕ ಹೊರಟರೆ ಅವನೂ ಹೊರಡಬೇಕು, ಅಷ್ಟೇ ಅವನಿಗೆ ಗೊತ್ತು. ಹುಡುಗಿ ಅವನ ಭುಜ ಮುಟ್ಟಿ ಕೂರಿಸಿದಳು. ನಾನು ಬಾಗಿಲಲ್ಲಿ ನಿಂತು, "ಇಲ್ಲೇ ಹೊರಗೆ ಇರ್ತೀನಿ ಕಣೋ, ಹೆದರ್ಬೇಡ," ಅಂದೆ. ಹೆದರಿದ್ದವಳು ನಾನು. ಅವನು ಇನ್ನೊಂದು ಬಿಸ್ಕತ್ತು ತೆಗೆದುಕೊಂಡ.

ಹೊರಗೆ ಉದ್ದದ ಓಣಿಯಂಥ ಜಾಗ, ಗೋಡೆಗೆ ಒಂದು ಬೆಂಚು. ನನ್ನ ಬದಲಿಗೆ ಕೂರಲು ಅವರ ಪಟ್ಟಿಯಲ್ಲಿದ್ದ ಒಬ್ಬ ನಿವೃತ್ತ ಮೇಷ್ಟ್ರನ್ನು ಕರೆಸಿದರು. ಛತ್ರಿ, ಕೈಚೀಲ ಹಿಡಿದ ಮುದುಕರು. ಅವರು ಒಳಗೆ ಹೋಗುವ ಮುಂಚೆ ನನಗೆ ಅರ್ಧ ನಿಮಿಷ ಸಿಕ್ಕಿತು.

"ಮೇಷ್ಟ್ರೇ, ಒಂದೇ ಒಂದು ಉಪಕಾರ ಮಾಡಿ. ಅವನಿಗೆ ಯಾವ ಪ್ರಶ್ನೇನೂ ಎರಡನೇ ಸಲ ಕೇಳೋಕೆ ಬಿಡ್ಬೇಡಿ. ಮೊದ್ಲು ಏನ್ ಹೇಳ್ತಾನೋ ಅದೇ."

"ಖಂಡಿತ ಹೇಳ್ತೀನಮ್ಮ. ಒಂದೇ ಸಲ," ಅಂದರು ಅವರು. ನನ್ನ ಕೈ ಮೇಲೆ ಕೈ ಇಟ್ಟರು. ನೂರಾರು ಮಕ್ಕಳಿಗೆ ಪಾಠ ಹೇಳಿದ ಕೈ ಅಂತ ನನಗೆ ಸ್ವಲ್ಪ ಜೀವ ಬಂತು.

ಬಾಗಿಲು ಮುಚ್ಚಿತು. ಒಬ್ಬ ದಪ್ಪ ಮೀಸೆಯ ಪೊಲೀಸಿನವನು ನೋಟ್‌ಬುಕ್ ಹಿಡಿದು ನನ್ನ ಪಕ್ಕ ಕೂತ. ಮೊನ್ನೆ ಆರೂಕಾಲಿಗೆ ಎಲ್ಲಿದ್ದೆ ಅಂತ ಕೇಳಿದ. ಅಂಗಡಿಯಲ್ಲಿ ಅಂದೆ. ಬರೆದುಕೊಂಡ. ಅಂಗಡಿಯ ಬೀಗ ಎಂಥದ್ದು, ಬಾಡಿಗೆ ಯಾರಿಗೆ ಅಂತೆಲ್ಲ ಕೇಳಿ, ಮತ್ತೆ, ಆರೂಕಾಲಿಗೆ ಎಲ್ಲಿದ್ದೆ ಅಂದ. ಅಂಗಡಿಯಲ್ಲೇ ಅಂದೆ, ಸ್ವಲ್ಪ ಜೋರಾಗಿ. ಮೂರನೇ ಸಲ ಕೇಳಿದಾಗ ನನಗೇ ಒಂದು ಕ್ಷಣ ತಬ್ಬಿಬ್ಬಾಯಿತು. ದಾರ ತರಲು ಎದುರಿನ ಅಂಗಡಿಗೆ ಹೋದದ್ದು ಮೊನ್ನೆಯೋ ಅದರ ಹಿಂದಿನ ದಿನವೋ? "ನಡುವೆ ಎರಡು ನಿಮಿಷ ಹೊರಗೆ ಹೋಗಿದ್ನೇನೋ," ಅಂದುಬಿಟ್ಟೆ. ಅವನು ಅದನ್ನೂ ಬರೆದುಕೊಂಡು, ನೋಟ್‌ಬುಕ್ ಮುಚ್ಚಿ ಎದ್ದುಹೋದ. ನಲವತ್ತೆಂಟು ವರ್ಷದ, ನೆಟ್ಟಗೆ ಬುದ್ಧಿಯಿರುವ ಹೆಂಗಸು ನಾನು. ನಾಚಿಕೆಯಿಂದ ಮುಖ ಮುಚ್ಚಿಕೊಂಡೆ.

ಬಾಗಿಲ ಹಿಂದಿನಿಂದ ಮಾತು ಕೇಳುತ್ತಿರಲಿಲ್ಲ, ದನಿ ಮಾತ್ರ. ಇನ್ಸ್‌ಪೆಕ್ಟರರ ದನಿ, ತಮ್ಮನ ದನಿ, ಮತ್ತೆ ಟೈಪಿನ ಸದ್ದು. ಎಲ್ಲೂ ತಡವರಿಕೆ ಇರಲಿಲ್ಲ. ಮೊದಲಿನಷ್ಟು ಹೊತ್ತೂ ಹಿಡಿಯಲಿಲ್ಲ. ಅರ್ಧ ಗಂಟೆಗೆ ಬಾಗಿಲು ತೆರೆಯಿತು, ಇನ್ನೂ ಮೂರು ಕೂಡ ಆಗಿರಲಿಲ್ಲ. ಮೊದಲು ಮೇಷ್ಟ್ರು ಬಂದರು.

"ನೀವು ಹೇಳಿದ ಹಾಗೇ ಆಯ್ತಮ್ಮ," ಅಂದರು. "ಒಂದೇ ಒಂದು ಪ್ರಶ್ನೆಯನ್ನೂ ಎರಡು ಸಲ ಕೇಳೋಕೆ ನಾನು ಬಿಡ್ಲಿಲ್ಲ. ಇನ್ಸ್‌ಪೆಕ್ಟರೂ ಒಪ್ಕೊಂಡ್ರು, ಪಾಪ. ಮೊದಲಿಂದ ಶುರು ಮಾಡಿ, ಎಲ್ಲಾ ಒಂದೊಂದೇ ಸಲ." ಅವರ ಮುಖದಲ್ಲಿ ಕೆಲಸ ಚೆನ್ನಾಗಿ ಮುಗಿಸಿದ ಸಮಾಧಾನವಿತ್ತು. ಛತ್ರಿ ಮರೆತು ಎರಡು ಹೆಜ್ಜೆ ಹೋಗಿ, ಹಿಂದೆ ಬಂದು ತೆಗೆದುಕೊಂಡು ಹೋದರು.

ಆಮೇಲೆ ತಮ್ಮ ಬಂದ. ಪಕ್ಕದಲ್ಲಿ ಒಬ್ಬ ಪೊಲೀಸು. ನನ್ನನ್ನು ಕಂಡದ್ದೇ ತಮ್ಮನ ಮುಖ ಅರಳಿತು.

"ಏನ್ ಹೇಳ್ದ್ಯೋ ಒಳಗೆ?" ಅಂದೆ.

"ಎಲ್ಲಾ ಸರಿ ಹೇಳ್ದೆ ಅಕ್ಕಾ. ಬೆಂಕಿ ಯಾರು ಹಚ್ಚಿದ್ದು ಅಂದ್ರು. ಅಕ್ಕ ಅಂದಿದ್ದಕ್ಕೆ ನಿನ್ನ ಹೊರಗೆ ಕಳಿಸಿದ್ರಲ್ವಾ, ಅದು ತಪ್ಪು ಅಂತ ಗೊತ್ತಾಯ್ತು. ನಾನು ಅಂದೆ. ಲೈಟರ್ ಅಂದೆ. ಸಹೀನೂ ಹಾಕ್ದೆ, ಗೆರೆ ದಾಟ್ದೆ ಹಾಕ್ದೆ." ಅವನು ಉಸಿರು ತೆಗೆದುಕೊಂಡ. "ಒಂದು ಪ್ರಶ್ನೇನೂ ಎರಡನೇ ಸಲ ಕೇಳ್ಲಿಲ್ಲ ಅಕ್ಕಾ. ಒಂದೂ ಇಲ್ಲ."

ನಾನು ಅವನ ಕೈ ಹಿಡಿದುಕೊಂಡೆ. ಕೂಗಬೇಕು ಅನ್ನಿಸಿತು, ಆದರೆ ಅವನು ಅಷ್ಟು ಖುಷಿಯಾಗಿದ್ದ. ಪೊಲೀಸಿನವನು ನನ್ನ ಬೆರಳುಗಳನ್ನು ಒರಟಾಗಿಯೇನೂ ಅಲ್ಲ, ಒಂದೊಂದಾಗಿ ಬಿಡಿಸಿದ. ತಮ್ಮನ ಮೊಣಕೈ ಹಿಡಿದು ಎಡಕ್ಕೆ, ಒಳಗಿನ ಕಂಬಿ ಬಾಗಿಲ ಕಡೆಗೆ ತಿರುಗಿಸಿದ.

"ಸಾರ್, ಬೀದಿಗೆ ಹೋಗೋ ಬಾಗ್ಲು ಆ ಕಡೆ ಇರೋದು," ಅಂದ ತಮ್ಮ, ಗೊತ್ತಿಲ್ಲದವನಿಗೆ ದಾರಿ ತೋರಿಸುವ ಹಾಗೆ. ಪೊಲೀಸು ಕಂಬಿ ಬಾಗಿಲ ಕಡೆಗೇ ನಡೆಸಿಕೊಂಡು ಹೋದ. ಒಂದಷ್ಟು ಹೆಜ್ಜೆ ಹೋದಮೇಲೆ ತಮ್ಮ ಅದನ್ನೇ ಮೆಲ್ಲಗೆ ಮತ್ತೊಂದು ಸಲ ಹೇಳುವುದು ಕೇಳಿಸಿತು.